ಕಾರ್ಪೆಟ್ ಮೆಷೀನಿನ ಮೋಟರ್ ಪದೇ ಪದೇ ಯಾಕೆ ಸುಡುತ್ತದೆ?

ಪ್ರಶ್ನೆ: ನಾನು, ನನ್ನ ತಮ್ಮ ಇಬ್ಬರೂ ಸೇರಿ ಬೆಂಗಳೂರಿನ ಬೊಮ್ಮನಹಳ್ಳಿ ಕಡೆ ಸೋಫಾ, ಕಾರ್ಪೆಟ್ ಕ್ಲೀನಿಂಗ್ ಮಾಡುತ್ತೇವೆ ಸರ್. ನೀರು ಸ್ಪ್ರೇ ಮಾಡಿ ವಾಪಸ್ ಎಳೆದುಕೊಳ್ಳುವ ಎಕ್ಸ್‌ಟ್ರಾಕ್ಷನ್ ಮೆಷೀನನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡೆವು. ಒಂದೇ ವರ್ಷದಲ್ಲಿ ವ್ಯಾಕ್ಯೂಮ್ ಮೋಟರ್ ಎರಡು ಸಲ ಸುಟ್ಟಿತು. ಈಗ ಮತ್ತೆ ಶಬ್ದ ಬದಲಾಗಿದೆ. ಕಾರ್ಪೆಟ್ ಒದ್ದೆಯಾಗಿಯೇ ಉಳಿಯುತ್ತದೆ, ಸ್ಪ್ರೇ ಗೆರೆ ಗೆರೆಯಾಗಿ ಬೀಳುತ್ತದೆ. ಮತ್ತೆ ಮೋಟರ್ ಹಾಕಿಸೋಣ ಅಂತ ಮೆಕ್ಯಾನಿಕ್ ಹೇಳುತ್ತಿದ್ದಾರೆ. ಹಾಕಿಸಬೇಕಾ, ವರ್ಷದ ಸರ್ವಿಸ್ ಕಾಂಟ್ರಾಕ್ಟ್ ತಗೋಬೇಕಾ, ಇಲ್ಲ ಹೊಸ ಮೆಷೀನೇ ತಗೋಬೇಕಾ?

ಉತ್ತರ: ಮೂರನೇ ಮೋಟರಿಗೆ ಈಗಲೇ ದುಡ್ಡು ಕೊಡಬೇಡಿ. ಮೊದಲು ಹಿಂದಿನ ಎರಡು ಯಾಕೆ ಸುಟ್ಟವು ಅನ್ನೋದು ಗೊತ್ತಾಗಬೇಕು. ಅದು ಗೊತ್ತಾಗದೆ ಹೊಸದು ಹಾಕಿದರೆ ಅದಕ್ಕೂ ಅದೇ ಗತಿ. ಒಳ್ಳೆಯ ವ್ಯಾಕ್ಯೂಮ್ ಮೋಟರ್ ಸುಮ್ಸುಮ್ನೆ ಸುಡೋದಿಲ್ಲ. ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದು, ಬೇರಿಂಗ್ ಹಳೆಯದಾಗಿ ನಿಧಾನಕ್ಕೆ ಸಾಯುತ್ತದೆ. ಒಂದು ವರ್ಷದಲ್ಲಿ ಎರಡು ಹೋಗಿವೆ ಅಂದರೆ ಒಳಗೆ ನೀರು ಅಥವಾ ಒದ್ದೆ ಗಾಳಿ ನುಗ್ಗುತ್ತಿದೆ, ಇಲ್ಲ ಹಾಕಿದ ಮೋಟರೇ ಆ ಕೆಲಸದ್ದಲ್ಲ.

ಈ ಮೆಷೀನಿನಲ್ಲಿ ಎರಡು ದಾರಿ ಇವೆ. ಒಂದು ನೀರಿನ ದಾರಿ: ಒಳ್ಳೆ ನೀರಿನ ಟ್ಯಾಂಕು, ಫಿಲ್ಟರ್, ಪಂಪು, ಹೀಟರ್ ಇದ್ದರೆ ಹೀಟರ್, ಸಣ್ಣ ಹೋಸು, ಕೊನೆಗೆ ವಾಂಡಿನ (ಕಾರ್ಪೆಟ್ ಮೇಲೆ ಎಳೆಯುವ ಕೈಕೊಳವೆಯ) ಜೆಟ್, ಅಂದರೆ ನೀರು ಸಿಂಪಡಿಸುವ ಸಣ್ಣ ಮೂತಿ. ಇನ್ನೊಂದು ಗಾಳಿಯ ದಾರಿ: ವಾಂಡಿನ ಬಾಯಿ, ದಪ್ಪ ಹೋಸು, ಗಲೀಜು ನೀರಿನ ಟ್ಯಾಂಕು, ಫ್ಲೋಟ್ (ನೀರು ತುಂಬಿದರೆ ಎದ್ದು ಗಾಳಿ ದಾರಿ ಮುಚ್ಚುವ ಚೆಂಡು), ಮೋಟರ್, ಆಮೇಲೆ ಹೊರಗೆ. ನಿಮ್ಮ ಮೂರು ದೂರುಗಳಲ್ಲಿ ಗೆರೆ ಸ್ಪ್ರೇ ನೀರಿನ ದಾರಿಯದ್ದು. ಒದ್ದೆ ಕಾರ್ಪೆಟ್ಟು ಹೆಚ್ಚಾಗಿ ಗಾಳಿಯ ದಾರಿಯದ್ದು, ಮೋಟರಿನದ್ದಂತೂ ಪೂರ್ತಿ ಅಲ್ಲಿಯದೇ. ಎಲ್ಲವನ್ನೂ ಒಟ್ಟಿಗೆ ಬಿಚ್ಚಿ ಹರಡಿಕೊಂಡು ಕೂತರೆ ತಲೆ ಕೆಡುತ್ತದೆ. ಒಂದೊಂದೇ ದಾರಿ ಹಿಡಿದು ಹೋಗಿ.

ಮೋಟರಿನಿಂದ ಶುರು ಮಾಡೋಣ. ಪ್ಲಗ್ ತೆಗೆದು, ಮೇಲಿನ ಕವರ್ ಬಿಚ್ಚಿ ನೋಡಿ. ವ್ಯಾಕ್ಯೂಮ್ ಮೋಟರಿನಲ್ಲಿ ಎರಡು ಜಾತಿ. ಮನೆಯ ಒಣ ವ್ಯಾಕ್ಯೂಮ್ ಕ್ಲೀನರಿನಲ್ಲಿ ಇರುವುದು, ಎಳೆದ ಗಾಳಿಯನ್ನೇ ತನ್ನ ಕಾಯಿಲ್ ಮೇಲೆ ಹಾಯಿಸಿ ತಣ್ಣಗಾಗುವ ಮೋಟರ್. ನೀರು ಎಳೆಯುವ ಮೆಷೀನಿಗೆ ಬೇಕಾದ್ದು ಬೈಪಾಸ್ ಮೋಟರ್. ಅದರಲ್ಲಿ ಎಳೆದ ಗಾಳಿ ಕೆಳಗಿನ ಫ್ಯಾನ್ ಡಬ್ಬಿಯಿಂದಲೇ ಪಕ್ಕಕ್ಕೆ ಹೊರಟು ಹೋಗುತ್ತದೆ. ಕಾಯಿಲ್ ತಣ್ಣಗಾಗೋದು ಮೇಲೆ ಕೂತಿರುವ ಬೇರೆ ಸಣ್ಣ ಫ್ಯಾನಿನಿಂದ. ಎರಡು ಗಾಳಿಯೂ ಬೆರೆಯಬಾರದು. ಬಿಡಿಭಾಗ ಸಿಗುವ ಎಸ್.ಪಿ. ರೋಡಿನ ಅಂಗಡಿಗಳಲ್ಲಿ ಎರಡು ಜಾತಿಯೂ ಸಿಗುತ್ತವೆ, ನೋಡಲು ಸುಮಾರು ಒಂದೇ ಥರ ಇರುತ್ತವೆ, ಅಳತೆಯೂ ಕೂರುತ್ತದೆ, ಒಣದ್ದು ಅಗ್ಗ. "ಇದೇ ಸೈಜು, ನಡೆಯುತ್ತೆ" ಅಂತ ಹಾಕಿಬಿಟ್ಟಿದ್ದರೆ ಒದ್ದೆ ಗಾಳಿ ನೇರವಾಗಿ ಕಾಯಿಲ್ ಮೇಲೆ ಹೋಗುತ್ತಿದೆ. ಒಂದು ಮಳೆಗಾಲ ತಡೆದರೆ ಅದೇ ದೊಡ್ಡದು. ಹೆಚ್ಚಿನ ಎಕ್ಸ್‌ಟ್ರಾಕ್ಟರ್‌ಗಳ ಮೋಟರಿನಲ್ಲಿ ಫ್ಯಾನ್ ಡಬ್ಬಿಯ ಪಕ್ಕಕ್ಕೆ ಕೊಂಬಿನ ಹಾಗೆ ಒಂದು ತುಂಡು ಪೈಪು ಚಾಚಿಕೊಂಡಿರುತ್ತದೆ, ಒದ್ದೆ ಗಾಳಿ ಹೊರಡುವುದು ಅಲ್ಲಿಂದ. ಕೊಂಬು ಇಲ್ಲದ ಬೈಪಾಸ್ ಮೋಟರುಗಳೂ ಇವೆ, ಆದ್ದರಿಂದ ಲೇಬಲ್ ಓದಿ, ಅಂಗಡಿಯವರಿಗೆ ಹಳೆಯ ಮೋಟರನ್ನೇ ತೋರಿಸಿ, ಬೈಪಾಸ್ ಹೌದಾ ಅಂತ ಬಾಯಿ ಬಿಟ್ಟು ಕೇಳಿ.

ಸರಿಯಾದ ಮೋಟರೇ ಇದೆ ಅಂತಿಟ್ಟುಕೊಳ್ಳಿ. ಆಗ ಆ ಕೊಂಬಿಗೆ ಏನು ಜೋಡಿಸಿದ್ದಾರೆ ನೋಡಿ. ಕಂಪನಿಯಿಂದ ಬಂದಾಗ ಅದಕ್ಕೊಂದು ಹೋಸು ಇರುತ್ತದೆ, ಅದು ಗಾಳಿಯನ್ನು ಮೆಷೀನಿನ ಡಬ್ಬಿಯಿಂದ ಹೊರಗೆ ಒಯ್ಯುತ್ತದೆ. ರಿಪೇರಿ ಮಾಡುವವರು ಬಿಚ್ಚುವಾಗ ಅದು ಹರಿದು ಹೋಗಿರುತ್ತದೆ, ಇಲ್ಲ ವಾಪಸ್ ಕೂರಿಸಲು ಕಷ್ಟ ಅಂತ ಬಿಟ್ಟುಬಿಟ್ಟಿರುತ್ತಾರೆ. ಮೆಷೀನ್ ಓಡುತ್ತದೆ, ಎಳೆಯುತ್ತದೆ, ಯಾರಿಗೂ ಅನುಮಾನ ಬರೋದಿಲ್ಲ. ಆದರೆ ಆ ಬಿಸಿ ತೇವದ ಗಾಳಿ ಡಬ್ಬಿಯೊಳಗೇ ಸುತ್ತುತ್ತದೆ, ಮೇಲಿನ ಕೂಲಿಂಗ್ ಫ್ಯಾನ್ ಅದನ್ನೇ ಎಳೆದುಕೊಂಡು ಕಾಯಿಲ್ ಮೇಲೆ ಊದುತ್ತದೆ. ಸೆಕೆಂಡ್ ಹ್ಯಾಂಡ್ ಮೆಷೀನಿನಲ್ಲಿ ನನ್ನ ಮೊದಲ ಅನುಮಾನ ಯಾವಾಗಲೂ ಇಲ್ಲೇ. ಡಬ್ಬಿಯ ಒಳಗೋಡೆಗೆ ಕೈ ಆಡಿಸಿ. ಮಣ್ಣು ಬೆರೆತ ತೇವ ಒಣಗಿ ಬೂದು ಬಣ್ಣದ ಪದರ ಕಟ್ಟಿದ್ದರೆ, ಸ್ಕ್ರೂ ತಲೆಗಳು ತುಕ್ಕು ಹಿಡಿದಿದ್ದರೆ, ಕಳ್ಳ ಸಿಕ್ಕಿಬಿದ್ದ ಅಂತಲೇ ತಿಳಿಯಿರಿ. ಮೋಟರ್ ಕೆಳಗಿನ ಗ್ಯಾಸ್ಕೆಟ್ಟನ್ನೂ ನೋಡಿ. ಹೊಸ ಮೋಟರಿಗೆ ಹಳೇ ಗ್ಯಾಸ್ಕೆಟ್ ಹಾಕಿ ಕೂರಿಸೋದು ನಮ್ಮಲ್ಲಿ ಬಹಳ. ಒಮ್ಮೆ ಒತ್ತಿಸಿಕೊಂಡು ಚಪ್ಪಟೆಯಾದ ರಬ್ಬರ್ ಎರಡನೇ ಸಲ ಸರಿಯಾಗಿ ಹಿಡಿಯೋದಿಲ್ಲ.

ಮುಂದಿನದು ನೊರೆ. ನೀರು ಮೇಲೆ ಬಂದರೆ ಫ್ಲೋಟ್ ಎದ್ದು ಗಾಳಿ ಮುಚ್ಚುತ್ತದೆ, ಮೋಟರಿನ ಶಬ್ದ ಏರುತ್ತದೆ, ನಿಮಗೆ ಗೊತ್ತಾಗುತ್ತದೆ. ನೊರೆ ಫ್ಲೋಟನ್ನು ಎತ್ತೋದಿಲ್ಲ, ಸುಮ್ನೆ ಪಕ್ಕದಿಂದ ಹಾದು ಮೋಟರಿಗೆ ಹೋಗುತ್ತದೆ. ಮನೆಯವರು ಹಿಂದೆ ಬಟ್ಟೆ ಸೋಪಿನ ಪುಡಿ ಹಾಕಿ ಉಜ್ಜಿದ್ದ ಸೋಫಾ ಸಿಕ್ಕರೆ ಐದು ನಿಮಿಷದಲ್ಲಿ ಟ್ಯಾಂಕ್ ತುಂಬ ನೊರೆ. ನೊರೆ ಇಳಿಸುವ ಡೀಫೋಮರ್ ಬಾಟಲಿ ಯಾವಾಗಲೂ ಬ್ಯಾಗಿನಲ್ಲಿ ಇರಲಿ. ಅದನ್ನು ಹಾಕಬೇಕಾದ್ದು ಗಲೀಜು ನೀರಿನ ಟ್ಯಾಂಕಿಗೆ ಮಾತ್ರ, ಒಳ್ಳೆ ನೀರಿಗಲ್ಲ. ಶಾಂಪೂವನ್ನು ಅಳತೆ ಮೀರಿ ಹಾಕಿದರೆ ಜಾಸ್ತಿ ಕ್ಲೀನ್ ಆಗುತ್ತದೆ ಅನ್ನೋ ನಂಬಿಕೆಯನ್ನೂ ಬಿಡಿ. ನೊರೆ ಜಾಸ್ತಿ, ಜಿಡ್ಡು ಜಾಸ್ತಿ, ಆ ಜಿಡ್ಡಿಗೆ ಧೂಳು ಅಂಟಿ ಅದೇ ಕಾರ್ಪೆಟ್ಟು ಬೇಗ ಕೊಳೆಯಾಗುತ್ತದೆ, ಗಿರಾಕಿ ನಿಮ್ಮನ್ನೇ ಬೈಯುತ್ತಾರೆ. ಫ್ಲೋಟ್ ಪಂಜರವನ್ನೂ ಬಿಚ್ಚಿ ನೋಡಿ. ಕೂದಲು, ದಾರ ಸುತ್ತಿಕೊಂಡು ಚೆಂಡು ಅಲ್ಲಾಡದೆ ನಿಂತಿರುತ್ತದೆ. ನಾಯಿ ಸಾಕಿದ ಮನೆಗೆ ಹೋಗಿ ಬಂದ ಮೇಲಂತೂ ತಪ್ಪದೇ ನೋಡಬೇಕು.

ಇನ್ನೊಂದು ಕೇಳಬೇಕು. ಸುಟ್ಟ ಎರಡರಲ್ಲಿ ಯಾವುದಾದರೂ ರೀವೈಂಡ್ ಮಾಡಿಸಿದ, ಅಂದರೆ ಕಾಯಿಲ್ ತಂತಿ ಹೊಸದಾಗಿ ಸುತ್ತಿಸಿದ ಮೋಟರಾ? ಬೋರ್‌ವೆಲ್ ಪಂಪು, ಸಂಪ್ ಮೋಟರ್ ರೀವೈಂಡ್ ಮಾಡಿಸಿ ವರ್ಷಗಟ್ಟಲೆ ಓಡಿಸುತ್ತೇವೆ, ಸರಿ. ಅವು ನಿಮಿಷಕ್ಕೆ ಹೆಚ್ಚೆಂದರೆ 3000 ಸುತ್ತಿನ ಒಳಗೆ. ವ್ಯಾಕ್ಯೂಮ್ ಮೋಟರ್ 20,000 ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತದೆ. ಆರ್ಮೇಚರ್, ಅಂದರೆ ಒಳಗೆ ತಿರುಗುವ ಭಾಗದ ತೂಕ ಒಂದು ಕಡೆ ಕೂದಲೆಳೆಯಷ್ಟು ಹೆಚ್ಚಾದರೂ ಆ ವೇಗದಲ್ಲಿ ಬೇರಿಂಗ್ ತಡೆಯೋದಿಲ್ಲ. ಬ್ಯಾಲೆನ್ಸಿಂಗ್ ಮೆಷೀನ್ ಇಲ್ಲದ ಅಂಗಡಿಯಲ್ಲಿ ಈ ಮೋಟರನ್ನು ರೀವೈಂಡ್ ಮಾಡಿಸೋದು ದುಡ್ಡು ದಂಡ.

ಈಗ ಶಬ್ದ ಬದಲಾಗಿದೆ ಅಂದಿರಲ್ಲ, ಅದನ್ನು ಕಿವಿಗೊಟ್ಟು ಕೇಳಿ. ಕಿರ್ರೋ ಅಂತ ಲೋಹ ಉಜ್ಜಿದ ಶಬ್ದ ಬಂದರೆ ಬೇರಿಂಗ್. ತಡೆದು ತಡೆದು ಓಡಿ, ಒಳಗೆ ಕಿಡಿ ಕಂಡು, ಸುಟ್ಟ ವಾಸನೆ ಬಂದರೆ ಕಾರ್ಬನ್ ಬ್ರಷ್. ಬ್ರಷ್ ಹೊರಗೆ ತೆಗೆದು ನೋಡಿ: ಎರಡೂ ಸಮವಾಗಿ ಸವೆದಿದ್ದು ಕಮ್ಯುಟೇಟರ್ (ಬ್ರಷ್ ಉಜ್ಜುವ, ತಾಮ್ರದ ಪಟ್ಟಿಗಳ ದುಂಡನೆಯ ಭಾಗ) ಕಂದು ಬಣ್ಣಕ್ಕೆ ನುಣ್ಣಗಿದ್ದರೆ ಹೊಸ ಬ್ರಷ್ ಸಾಕು, ಪೂರ್ತಿ ಮೋಟರ್ ಬೇಡ. ತಾಮ್ರದ ಪಟ್ಟಿಗಳ ಮೇಲೆ ಕಪ್ಪು ಕಲೆ, ಗುಳಿ ಬಿದ್ದಿದ್ದರೆ ಆ ಮೋಟರ್ ಮುಗಿಯಿತು. ಹೊಸ ಬ್ರಷ್ ಹಾಕಿದ ಕೂಡಲೇ ಪೂರ್ತಿ ವೋಲ್ಟೇಜ್ ಕೊಡಬೇಡಿ. ವೋಲ್ಟೇಜ್ ಏರಿಸಿ ಇಳಿಸುವ ಡಿಮ್ಮರ್‌ಸ್ಟಾಟ್ ಇರುವ ಅಂಗಡಿಯಲ್ಲಿ ಅರ್ಧ ವೋಲ್ಟೇಜಿನಲ್ಲಿ ಅರ್ಧ ಗಂಟೆ ಓಡಿಸಿದರೆ ಬ್ರಷ್ ಮುಖ ಕಮ್ಯುಟೇಟರಿನ ದುಂಡಗೆ ಹೊಂದಿಕೊಳ್ಳುತ್ತದೆ. ಇಷ್ಟು ತಾಳ್ಮೆ ತೋರಿಸುವವರು ಕಡಿಮೆ, ಆದರೆ ಬ್ರಷ್ ಬಾಳಿಕೆಗೆ ಇದು ಬಹಳ ಮುಖ್ಯ.

ಕಾರ್ಪೆಟ್ ಒದ್ದೆ ಉಳಿಯೋದಕ್ಕೆ ಬರೋಣ. ಇದಕ್ಕೆ ನಿಮ್ಮ ಅಂಗೈಯೇ ಸಾಕು. ಮೆಷೀನ್ ಆನ್ ಮಾಡಿ, ದಪ್ಪ ಹೋಸು ತೆಗೆದು, ಗಲೀಜು ಟ್ಯಾಂಕಿನ ಬಾಯಿಯನ್ನೇ ಅಂಗೈಯಿಂದ ಮುಚ್ಚಿ. ಕೈ ಗಟ್ಟಿಯಾಗಿ ಎಳೆದುಕೊಂಡು ಮೋಟರಿನ ಶಬ್ದ ಏರಬೇಕು. ಏರದಿದ್ದರೆ ಗಾಳಿ ಸೋರುತ್ತಿರೋದು ಮೆಷೀನಿನಲ್ಲೇ: ಮುಚ್ಚಳದ ಗ್ಯಾಸ್ಕೆಟ್, ಡ್ರೈನ್ ವಾಲ್ವ್, ಟ್ಯಾಂಕಿನ ಬಿರುಕು, ಮೋಟರ್ ಗ್ಯಾಸ್ಕೆಟ್. ಚೆನ್ನಾಗಿ ಏರಿದರೆ ಹೋಸು ಹಾಕಿ ಅದರ ತುದಿ ಮುಚ್ಚಿ. ಈಗ ಕಡಿಮೆಯಾಯಿತಾ? ಹೋಸಿನಲ್ಲಿ ತೂತಿದೆ. ಟೇಪ್ ಸುತ್ತಿ ಕಾಲ ತಳ್ಳಬೇಡಿ, ಆ ತುಂಡು ಕತ್ತರಿಸಿ ಹೋಸಿನ ತುದಿಗೆ ಕೂರುವ ಕಫ್ ವಾಪಸ್ ಹಾಕಿ. ಕೊನೆಗೆ ವಾಂಡ್. ಅದರ ತುಟಿ ನೆಲಕ್ಕೆ ಉಜ್ಜಿ ಉಜ್ಜಿ ಒಂದು ಕಡೆ ಸವೆದು ಬಾಗಿದ್ದರೆ ಆ ಕಡೆಯಿಂದ ಬರೀ ಗಾಳಿ ಹೋಗುತ್ತದೆ, ನೀರು ಕಾರ್ಪೆಟ್ಟಿನಲ್ಲೇ ಉಳಿಯುತ್ತದೆ.

ಗೇಜ್ ಇಟ್ಟು ಅಳೆಯುವವರಿಗೆ ಒಂದು ಮಾತು. ಮೋಟರ್ ಪುಸ್ತಕದಲ್ಲಿ ಕೊಟ್ಟಿರುವ ವಾಟರ್ ಲಿಫ್ಟ್ (ಮೋಟರಿನ ಎಳೆತ ನೀರನ್ನು ಎಷ್ಟು ಇಂಚು ಮೇಲಕ್ಕೆ ಎತ್ತಬಲ್ಲದು ಅನ್ನೋದು) ಸಮುದ್ರ ಮಟ್ಟದ ಲೆಕ್ಕ. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ, ಇಲ್ಲಿ ಗಾಳಿ ಸುಮಾರು ಶೇಕಡ 10ರಷ್ಟು ತೆಳು. ಅಲ್ಲಿ 120 ಇಂಚು ಎಳೆಯುವ ಮೋಟರ್ ಇಲ್ಲಿ 108ರ ಹತ್ತಿರ ನಿಲ್ಲುತ್ತದೆ. ಅದು ಸಹಜ. ಇಷ್ಟಕ್ಕೇ ಮೋಟರ್ ವೀಕ್ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಗೇಜಿನಲ್ಲಿ ಪಾದರಸದ ಇಂಚು ಇದ್ದರೆ ಅದನ್ನು 13.6ರಿಂದ ಗುಣಿಸಿದರೆ ನೀರಿನ ಇಂಚು ಬರುತ್ತದೆ.

ಗೆರೆ ಸ್ಪ್ರೇಗೆ ಕಾರಣ ನೂರಕ್ಕೆ ತೊಂಬತ್ತು ಪಾಲು ನಮ್ಮೂರಿನ ನೀರೇ. ಜಯನಗರದ ಮನೆಯಲ್ಲಿ ಕಾವೇರಿ ನೀರು, ಮಧ್ಯಾಹ್ನ ಔಟರ್ ರಿಂಗ್ ರೋಡಿನ ಅಪಾರ್ಟ್‌ಮೆಂಟಿನಲ್ಲಿ ಬೋರ್ ನೀರು, ಸಂಜೆ ಇನ್ನೊಂದು ಕಡೆ ಟ್ಯಾಂಕರ್ ನೀರು. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರಿಲ್ಲದಿದ್ದರೆ 600ರವರೆಗೆ ಒಪ್ಪಬಹುದು. ಆ 600 ಕುಡಿಯೋದಕ್ಕೆ ನಡೆಯಬಹುದು, ಹೀಟರಿಗೆ ನಡೆಯೋದಿಲ್ಲ. ಬೋರ್ ನೀರು ಕಾಯಿಸಿದರೆ ಗೀಸರ್ ಕಾಯಿಲ್ ಮೇಲೆ ಕಟ್ಟುವ ಬಿಳಿ ಉಪ್ಪು ನಿಮ್ಮ ಮೆಷೀನಿನ ಹೀಟರಿನಲ್ಲೂ ಕಟ್ಟುತ್ತದೆ, ಉದುರಿದ ಪುಡಿ ಬಂದು ಜೆಟ್ಟಿನಲ್ಲಿ ಸಿಕ್ಕಿಕೊಳ್ಳುತ್ತದೆ. ನೀರಿನಲ್ಲಿ ಕರಗಿದ ಒಟ್ಟು ಲವಣ ತೋರಿಸುವ ಟಿಡಿಎಸ್ ಮೀಟರ್ ಗಡಸುತನವನ್ನು ನೇರವಾಗಿ ಹೇಳೋದಿಲ್ಲ, ಗಡಸುತನದ ಟೆಸ್ಟ್ ಸ್ಟ್ರಿಪ್ ಬೇರೆ ಸಿಗುತ್ತದೆ, ಅದನ್ನು ಇಟ್ಟುಕೊಳ್ಳಿ. ಅಪಾರ್ಟ್‌ಮೆಂಟಿನಲ್ಲಿ ಸಾಫ್ಟ್‌ನರ್ ಇದ್ದರೆ ಆ ನಲ್ಲಿಯ ನೀರನ್ನೇ ಕೇಳಿ ಪಡೆಯಿರಿ.

ಜೆಟ್ಟನ್ನು ಬಿಚ್ಚಿ ಬೆಳಕಿಗೆ ಹಿಡಿಯಿರಿ. ಸೀಳು ಕಣ್ಣಿನ ಅಂಚಿನಲ್ಲಿ ಸುಣ್ಣದಂಥ ಬಿಳಿ ಹರಳು ಕಾಣುತ್ತದೆ. ಕೈ ತಕ್ಷಣ ಪಿನ್ನಿಗೆ ಹೋಗುತ್ತದೆ, ಅಲ್ವಾ? ದಯವಿಟ್ಟು ಬೇಡ. ಹಿತ್ತಾಳೆ ಮೆತ್ತಗೆ, ಒಂದು ಸಲ ಗೀರಿದರೆ ಫ್ಯಾನ್ ಆಕಾರ ಶಾಶ್ವತವಾಗಿ ಕೆಡುತ್ತದೆ, ಆಮೇಲೆ ಎಷ್ಟು ತೊಳೆದರೂ ಗೆರೆ ಬೀಳುತ್ತದೆ. ಬಿಳಿ ವಿನೆಗರಿನಲ್ಲಿ ಕೆಲವು ಗಂಟೆ ನೆನೆಸಿ, ಹಳೆ ಟೂತ್‌ಬ್ರಷ್‌ನಲ್ಲಿ ಉಜ್ಜಿ. ಜೆಟ್ ಮೇಲೆ ಬರೆದ ನಂಬರಿಗೂ ಅರ್ಥ ಇದೆ. 11002 ಅಂದರೆ 110 ಡಿಗ್ರಿ ಅಗಲದ ಸ್ಪ್ರೇ, 40 ಪಿಎಸ್‌ಐ ಒತ್ತಡದಲ್ಲಿ ನಿಮಿಷಕ್ಕೆ 0.2 ಗ್ಯಾಲನ್, ಅಂದರೆ ಮುಕ್ಕಾಲು ಲೀಟರ್. ಒತ್ತಡ 100 ಪಿಎಸ್‌ಐ ಆದಾಗ ಅದೇ ಜೆಟ್ ಸುಮಾರು 1.2 ಲೀಟರ್ ಕೊಡಬೇಕು. ಅಳತೆ ಜಗ್ಗಿನಲ್ಲಿ ಒಂದು ನಿಮಿಷ ಹಿಡಿದು ನೋಡಿ. ಕಡಿಮೆ ಬಂದರೆ ಕಟ್ಟಿಕೊಂಡಿದೆ. ಜಾಸ್ತಿ ಬಂದರೆ ಕಣ್ಣು ಸವೆದಿದೆ, ಬದಲಿಸಿ. ಕಾರ್ಪೆಟ್ ಒದ್ದೆ ಉಳಿಯಲು ಇದೂ ಒಂದು ಕಾರಣ: ಎಳೆಯೋದು ಅಷ್ಟೇ, ಸುರಿಯೋದು ಮಾತ್ರ ಜಾಸ್ತಿ.

ಒಳಗಿನ ಉಪ್ಪು ತೆಗೆಯಲು ಸಿಟ್ರಿಕ್ ಆಸಿಡ್ ಸಾಕು, ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಕೊಡುತ್ತಾರೆ. ಲೀಟರ್ ಬೆಚ್ಚಗಿನ ನೀರಿಗೆ 40-50 ಗ್ರಾಂ ಕರಗಿಸಿ, ವಾಂಡಿನಿಂದ ಹೊರಬರುವವರೆಗೆ ಪಂಪ್ ಮಾಡಿ, ಹೀಟರ್ ಆಫ್ ಇಟ್ಟು ಇಪ್ಪತ್ತು ನಿಮಿಷ ಬಿಡಿ. ಆಮೇಲೆ ಜೆಟ್ ತೆಗೆದು ಒಳ್ಳೆ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ, ಇಲ್ಲದಿದ್ದರೆ ಬಿಟ್ಟ ಚೂರುಗಳೆಲ್ಲ ಮತ್ತೆ ಜೆಟ್ಟಿಗೇ ಬರುತ್ತವೆ. ಬೋರ್ ನೀರಿನಲ್ಲಿ ಕೆಲಸ ಜಾಸ್ತಿ ಇದ್ದರೆ ತಿಂಗಳಿಗೊಮ್ಮೆ ಮಾಡಿ. ಬ್ಲೀಚ್ ಜೊತೆ ಯಾವ ಆಸಿಡ್ಡನ್ನೂ ಸೇರಿಸಬಾರದು, ಕ್ಲೋರಿನ್ ಗ್ಯಾಸ್ ಬರುತ್ತದೆ. ಬಾತ್‌ರೂಮ್ ಆಸಿಡ್ ಅಂತೂ ಮೆಷೀನಿನ ಹತ್ತಿರವೂ ತರಬೇಡಿ. ಹೀಟರ್ ಇರುವ ಮೆಷೀನಿನಲ್ಲಿ ವಾಂಡಿನಿಂದ ನೀರು ಬಂದ ಮೇಲೆಯೇ ಹೀಟರ್ ಆನ್, ಕೆಲಸ ಮುಗಿಯುವ ಮುಂಚೆಯೇ ಆಫ್. ಹೀಟರ್ ಇಲ್ಲ ಅಂತ ಒಲೆಯ ಮೇಲಿನ ಕುದಿಯುವ ನೀರನ್ನು ಟ್ಯಾಂಕಿಗೆ ಸುರಿಯಬೇಡಿ, ಪಂಪಿನ ಡಯಾಫ್ರಾಮ್, ಅಂದರೆ ಒಳಗಿನ ರಬ್ಬರ್ ಪೊರೆ ಸಾಯುತ್ತದೆ.

ಪಂಪಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಒತ್ತಡ ಗೇಜಿನಲ್ಲಿ ಚೆನ್ನಾಗಿದ್ದೂ ಸ್ಪ್ರೇ ಬರದಿದ್ದರೆ ತೊಂದರೆ ಮುಂದೆ ಇದೆ, ಅಂದರೆ ಜೆಟ್ ಅಥವಾ ವಾಂಡಿನ ವಾಲ್ವ್. ಒತ್ತಡವೇ ಬರದಿದ್ದರೆ ಹಿಂದೆ ಇದೆ: ಟ್ಯಾಂಕಿನ ಜಾಲರಿ ಫಿಲ್ಟರ್, ಗಾಳಿ ಹಿಡಿದ ಪಂಪು, ಕಸ ಸಿಕ್ಕ ವಾಲ್ವ್. ಹೋಸು ಜೋಡಿಸುವ ಕಪ್ಲರಿನ ಓ-ರಿಂಗಿಗೆ (ರಬ್ಬರ್ ಬಳೆಗೆ) ಸಿಲಿಕೋನ್ ಗ್ರೀಸ್ ಮಾತ್ರ ಹಚ್ಚಿ, ಗಾಡಿಯ ಗ್ರೀಸ್ ಹಚ್ಚಿದರೆ ಕೆಲವು ರಬ್ಬರ್ ಉಬ್ಬಿ ಹಾಳಾಗುತ್ತದೆ.

ಕರೆಂಟಿನ ವಿಷಯ ಮಾತ್ರ ಹಗುರಾಗಿ ತಗೋಬೇಡಿ. 16 ಆಂಪ್ ಸಾಕೆಟ್ 230 ವೋಲ್ಟಿನಲ್ಲಿ ಕೊಡೋದು ಹೆಚ್ಚೆಂದರೆ 3680 ವ್ಯಾಟ್. 1200 ವ್ಯಾಟಿನ ಎರಡು ಮೋಟರ್, ಮೇಲೆ 1800 ವ್ಯಾಟಿನ ಹೀಟರ್ ಸೇರಿದರೆ ಅದು ದಾಟಿತು. ಅದಕ್ಕೇ ಇಂಥ ಮೆಷೀನಿಗೆ ಎರಡು ವೈರ್ ಕೊಟ್ಟಿರೋದು, ಎರಡನ್ನೂ ಬೇರೆ ಬೇರೆ ಸರ್ಕ್ಯೂಟಿಗೆ ಹಾಕಬೇಕು. ಎಕ್ಸ್‌ಟೆನ್ಷನ್ 2.5 ಚದರ ಮಿಲಿಮೀಟರಿಗಿಂತ ಸಣ್ಣದು ಬೇಡ, ರೀಲನ್ನು ಪೂರ್ತಿ ಬಿಚ್ಚಿ ಬಳಸಿ. ಸುತ್ತಿಟ್ಟ ವೈರ್ ಬಿಸಿಯಾಗುತ್ತದೆ, ತೆಳು ಉದ್ದ ವೈರಿನಲ್ಲಿ ವೋಲ್ಟೇಜ್ ಬಿದ್ದು ಮೋಟರಿನ ಎಳೆತವೂ ಕಡಿಮೆಯಾಗುತ್ತದೆ. ಬಸವನಗುಡಿ, ಮಲ್ಲೇಶ್ವರದ ಕೆಲವು ಹಳೆ ಮನೆಗಳಲ್ಲಿ ಮೂರನೇ ತೂತು ಇರುತ್ತದೆ, ಹಿಂದೆ ಅರ್ತ್ ಇರೋದಿಲ್ಲ. ಸಾಕೆಟ್ ಟೆಸ್ಟರ್ ಹಾಕಿ ನೋಡದೆ ಮೆಷೀನ್ ಹಚ್ಚಬೇಡಿ, ಮತ್ತೆ 30 ಮಿಲಿ ಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಟ್ ಆಗುವ ಸ್ವಿಚ್) ಇರುವ ಬೋರ್ಡ್ ಒಂದನ್ನು ನೀವೇ ಮಾಡಿಸಿ ಜೊತೆಗೆ ಒಯ್ಯಿರಿ. ನಿಮ್ಮ ತಮ್ಮ ಒದ್ದೆ ಕಾರ್ಪೆಟ್ ಮೇಲೆ ನಿಂತು ಲೋಹದ ವಾಂಡ್ ಹಿಡಿದಿರುತ್ತಾನೆ, ಅದು ನೆನಪಿರಲಿ.

ದಿನಾ ಕೆಲಸ ಮುಗಿದ ಮೇಲೆ ಹದಿನೈದು ನಿಮಿಷ ಮೆಷೀನಿಗೆ ಕೊಡಿ. ಟೆಕ್ ಪಾರ್ಕಿನಲ್ಲಿ ರಾತ್ರಿ ಎರಡು ಗಂಟೆಗೆ ಮುಗಿಸಿದಾಗ ಯಾರಿಗೂ ಮನಸ್ಸು ಬರೋದಿಲ್ಲ, ಗೊತ್ತು, ಆದರೂ ಗಲೀಜು ನೀರು ಟ್ಯಾಂಕಿನಲ್ಲೇ ಬಿಟ್ಟು ಟೆಂಪೋ ಹತ್ತಿಸಬೇಡಿ. ದಾರಿಯಲ್ಲಿ ಹಂಪ್ ಹಾರಿದಾಗ ಆ ನೀರು ಚೆಲ್ಲಿ ಮೋಟರ್ ಒಳಗೆ ಇಳಿಯುತ್ತದೆ. ಕಟ್ಟಡದ ಟಾಯ್ಲೆಟ್ಟಿಗೋ ಚರಂಡಿ ಲೈನಿಗೋ ಖಾಲಿ ಮಾಡಿ, ಮಳೆ ನೀರಿನ ಮೋರಿಗೆ ಬೇಡ, ಅದು ಸೀದಾ ರಾಜಕಾಲುವೆ ಹಿಡಿದು ಕೆರೆಗೆ ಹೋಗುತ್ತದೆ. ಟ್ಯಾಂಕು, ಫ್ಲೋಟ್, ಜಾಲರಿ ತೊಳೆಯಿರಿ. ಒಳ್ಳೆ ನೀರನ್ನು ಎರಡು ನಿಮಿಷ ಸ್ಪ್ರೇ ಮಾಡಿ ಶಾಂಪೂ ಹೊರಗೆ ಹಾಕಿ. ಆಮೇಲೆ ಖಾಲಿ ಟ್ಯಾಂಕಿನಲ್ಲಿ ವ್ಯಾಕ್ಯೂಮ್ ಮೂರು ನಾಲ್ಕು ನಿಮಿಷ ಓಡಿಸಿ. ಈ ಕೊನೆಯ ಕೆಲಸ ಮಾಡುವವರು ತೀರಾ ಕಡಿಮೆ. ಫ್ಯಾನ್ ಡಬ್ಬಿಯಲ್ಲಿ ನಿಂತ ತೇವ ಹಾರಿಹೋಗುತ್ತದೆ, ಬೇರಿಂಗಿಗೆ ತುಕ್ಕು ಹಿಡಿಯೋದಿಲ್ಲ. ಮುಚ್ಚಳ ತೆರೆದೇ ಇಡಿ. ಜುಲೈ, ಆಗಸ್ಟಿನ ಜಡಿಮಳೆಯಲ್ಲಿ ಮುಚ್ಚಿಟ್ಟ ಟ್ಯಾಂಕು ಎರಡೇ ದಿನಕ್ಕೆ ನಾರುತ್ತದೆ, ಆ ವಾಸನೆ ಗಿರಾಕಿಯ ಮನೆಗೂ ಹೋಗುತ್ತದೆ. ವಿದೇಶಿ ಪುಸ್ತಕಗಳಲ್ಲಿ ಚಳಿಗೆ ನೀರು ಹೆಪ್ಪುಗಟ್ಟದಂತೆ ನೋಡಿಕೊಳ್ಳಿ ಅಂತ ಒಂದು ಅಧ್ಯಾಯವೇ ಇರುತ್ತದೆ, ಅದನ್ನು ಬಿಟ್ಟುಬಿಡಿ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನವೇ 1884ರ ಜನವರಿಯ 7.8 ಡಿಗ್ರಿ.

ಸರ್ವಿಸ್ ಕಾಂಟ್ರಾಕ್ಟ್ ಒಂದು ಮೆಷೀನಿಗೆ ನಾನು ಹೇಳೋದಿಲ್ಲ. ಬರೀ ಬಂದು ನೋಡಿ ಹೋಗಲು ದುಡ್ಡು, ಬಿಡಿಭಾಗಕ್ಕೆ ಬೇರೆ ದುಡ್ಡು ಅಂತಿದ್ದರೆ ಬೇಡವೇ ಬೇಡ. ಮೆಷೀನ್ ಕೆಟ್ಟಾಗ ಬದಲಿ ಮೆಷೀನ್ ಕೊಡುತ್ತೇವೆ ಅಂತ ಕಾಗದದಲ್ಲಿ ಬರೆದು ಕೊಟ್ಟರೆ, ಮತ್ತೆ ನಿಮಗೆ ಆಫೀಸ್ ಕೆಲಸ ಜಾಸ್ತಿ ಇದ್ದರೆ, ಆಗ ಯೋಚಿಸಿ. ಆ ದುಡ್ಡಿನಲ್ಲಿ ಒಂದು ಜೊತೆ ಕಾರ್ಬನ್ ಬ್ರಷ್, ಮೋಟರ್ ಗ್ಯಾಸ್ಕೆಟ್, ಎರಡು ಜೆಟ್, ಓ-ರಿಂಗ್ ಪೊಟ್ಟಣ, ಜಾಲರಿ ಫಿಲ್ಟರ್ ತಂದು ಡಬ್ಬಿಯಲ್ಲಿ ಇಟ್ಟುಕೊಂಡರೆ ಅರ್ಧ ರಿಪೇರಿ ಗಿರಾಕಿ ಮನೆಯಲ್ಲೇ ಮುಗಿಯುತ್ತದೆ.

ಹೊಸ ಮೆಷೀನ್ ಬೇಕಾ ಅನ್ನೋದನ್ನು ಟ್ಯಾಂಕ್ ನೋಡಿ ತೀರ್ಮಾನಿಸಿ. ಸಣ್ಣ ಬಿರುಕಾದರೆ ಪ್ಲಾಸ್ಟಿಕ್ ವೆಲ್ಡಿಂಗ್ ಸಾಕು. ಮೋಟರ್ ಕೂರುವ ಜಾಗ, ಮುಚ್ಚಳ ಕೂರುವ ಅಂಚು ಬಾಗಿದ್ದರೆ ಗಾಳಿ ಸೋರೋದು ನಿಲ್ಲೋದಿಲ್ಲ, ಅದಕ್ಕೆ ದುಡ್ಡು ಸುರಿಯಬೇಡಿ, ಹೊಸದಕ್ಕೆ ಕೂಡಿಡಿ. ಅಂಚು ಸರಿ ಇದ್ದರೆ ಈ ವಾರ ಒಂದು ದಿನ ಬಿಡುವು ಮಾಡಿಕೊಂಡು ಕವರ್ ಬಿಚ್ಚಿ, ಮೊದಲು ಆ ಗಾಳಿ ಹೊರಹೋಗುವ ಹೋಸು ಇದೆಯಾ ನೋಡಿ. ಇಲ್ಲದಿದ್ದರೆ ಅಳತೆ ತೆಗೆದು ಎಸ್.ಪಿ. ರೋಡಿಗೆ ಹೋಗಿ, ಒಂದು ಮೀಟರ್ ಹೋಸು, ಎರಡು ಕ್ಲ್ಯಾಂಪ್ ತನ್ನಿ. ಅದನ್ನು ಹಾಕಿ, ಬ್ರಷ್ ನೋಡಿದ ಮೇಲೂ ಮೋಟರ್ ಬೇಕೇ ಬೇಕು ಅನ್ನಿಸಿದರೆ ಬೈಪಾಸ್ ಮೋಟರ್, ಹೊಸ ಗ್ಯಾಸ್ಕೆಟ್ ಎರಡನ್ನೂ ಒಟ್ಟಿಗೆ ಹಾಕಿಸಿ, ಹಾಕಿಸಿದ ತಾರೀಖನ್ನು ಮಾರ್ಕರ್‌ನಿಂದ ಮೋಟರ್ ಮೇಲೆಯೇ ಬರೆದಿಡಿ.